ಮೂರು ಸುತ್ತಿಗೆ ನಿಂತ ನಟ್ಟು

ಮೊನ್ನೆ ಸಂಭಾಜಿನಗರದ ನಮ್ಮ ಕಾರ್ಖಾನೆಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನ ಮೇಜಿನ ಮೇಲೆ ಒಂದು ಬೋಲ್ಟು ತಂದಿಟ್ಟಳು. ಅರ್ಧ ಇಂಚಿನದು. ತುದಿಗೆ ಒಂದು ನಟ್ಟು ಮೂರು ಸುತ್ತು ಹತ್ತಿ ಕಚ್ಚಿಕೊಂಡು ಕೂತಿತ್ತು. ಮುಂದಕ್ಕೂ ಹೋಗದು, ಹಿಂದಕ್ಕೂ ಬರದು. ತುಕ್ಕು ಹಿಡಿಯದಿರಲೆಂದು ಯಾರೋ ಅದಕ್ಕೆ ವರ್ಷಗಟ್ಟಲೆ ಎಣ್ಣೆ ಸವರುತ್ತ ಬಂದಿದ್ದರು, ಆ ವಾಸನೆ ಮೂಗಿಗೆ ಬಡಿಯಿತು. ನಟ್ಟಿನ ಒಂದು ಮೂಲೆಯಲ್ಲಿ ಕಡುಗೆಂಪು ಚುಕ್ಕಿ. "ಮೊದಲು ನಾಶಿಕದ ಅಂಬಡ್‌ನ ಕಾರ್ಖಾನೆಯೊಂದರಲ್ಲಿದ್ದೆ ಮೇಡಮ್, ಅಲ್ಲಿನ ಕಾಕಾ ಕೊಟ್ಟದ್ದು, ನಿಮಗೆ ತೋರಿಸೋಣ ಅಂತ ತಂದೆ" ಎಂದಳು ಮರಾಠಿಯಲ್ಲಿ. ಅಯ್ಯೋ ಶಿವನೇ ಅಂದುಕೊಂಡೆ…

ಆ ಕಾರ್ಖಾನೆಯಲ್ಲೇ ನಾನೂ ಕೆಲಸ ಕಲಿತದ್ದು. ಬೀದರದಿಂದ ಡಿಪ್ಲೊಮಾ ಮುಗಿಸಿ ಹೋದವಳು, ಆರು ತಿಂಗಳ ಟ್ರೇನಿ. ಅದು ಮುಗಿದ ಮೇಲೆ ಇಟ್ಟುಕೊಂಡರೆ ಇಟ್ಟುಕೊಂಡರು, ಇಲ್ಲದಿದ್ದರೆ ಗಂಟು ಕಟ್ಟಿ ಊರಿಗೆ. ಊರಲ್ಲಿ ನನಗೆ ಗಂಡು ನೋಡುವ ಕೆಲಸ ಜೋರಾಗಿ ನಡೆದಿತ್ತು, ಹಾಗಾಗಿ ಆ ನೌಕರಿ ಪಕ್ಕಾ ಆಗಲೇಬೇಕಿತ್ತು.

ಬಂದ ಮಾಲನ್ನು ಪರೀಕ್ಷಿಸುವ ಕೋಣೆಯಲ್ಲಿ ಕಾಕಾ ಇದ್ದರು. ಆಳಂದದ ಕಡೆಯವರು, ಹಣೆಗೆ ವಿಭೂತಿ, ಜೇಬಿನಲ್ಲಿ ಪಿಚ್ ಗೇಜು. ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಹಲ್ಲಿನ ಪಟ್ಟಿಗಳು ಅವು. ಒಂದೊಂದನ್ನೇ ಬೋಲ್ಟಿನ ಮೈಯ ಸುರುಳಿ ಎಳೆಗೆ ಕೂರಿಸಿ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಸಂದಿಯಲ್ಲಿ ಬೆಳಕು ಇಣುಕಿದರೆ ಆ ಪಟ್ಟಿ ಅದರದ್ದಲ್ಲ. ಎಳೆಗೆ ಅಲ್ಲಿ ಎಲ್ಲರೂ ಮರಾಠಿಯ 'ಆಟೆ' ಅನ್ನುತ್ತಿದ್ದರು, ಕಾಕಾನೂ ಅಷ್ಟೇ.

ನನಗೋ ಪ್ರಶ್ನೆಗಳ ಹುಚ್ಚು. ಕಣ್ಣಿಗೆ ಒಂದೇ ಥರ ಕಾಣುವ ಬೋಲ್ಟುಗಳಲ್ಲಿ ಇಷ್ಟು ಜಾತಿ ಯಾಕೆ? ಎಲ್ಲವನ್ನೂ ಒಂದೇ ಥರ ಕೊರೆದಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಕೇಳಿದರೆ ಕಾಕಾ ನಕ್ಕುಬಿಡುತ್ತಿದ್ದರು.

"ಇಂಗ್ಲಂಡಿನವರು ಆಟೆ ಐವತ್ತೈದು ಡಿಗ್ರಿಗೆ ಕೊರದ್ರು, ಅಮೆರಿಕಾದವರು ಅರವತ್ತಕ್ಕ. ಅರ್ಧ ಇಂಚಿನ ಬೋಲ್ಟಿಗಿ ಇವರು ಇಂಚಿಗಿ ಹನ್ನೆರಡು ಆಟೆ ಅಂದ್ರು, ಅವರು ಹದಿಮೂರು ಅಂದ್ರು. ಮ್ಯಾಲ ಮಿಲಿಮೀಟರಿನವರು ಬಂದ್ರು. ನಾವು ಯಾರನ್ನೂ ಬ್ಯಾಡ ಅನ್ಲಿಲ್ಲ ನೋಡವಾ, ಎಲ್ಲಾರನ್ನೂ ಒಂದೇ ಡಬ್ಬ್ಯಾಗ ಹಾಕಿ ಇಟ್ಕೊಂಡ್ವಿ!"

ನಟ್ಟು ಪರೀಕ್ಷಿಸಲು ಎರಡು ತುದಿಯ ಪ್ಲಗ್ ಗೇಜು ಇರುತ್ತದೆ. ಒಂದು ತುದಿ ನಟ್ಟಿನೊಳಗೆ ಸಲೀಸಾಗಿ ಹೋಗಬೇಕು, ಇನ್ನೊಂದು ಹೋಗಬಾರದು. ಎರಡನ್ನೂ ಬೆರಳಿನಿಂದಲೇ ತಿರುಗಿಸಬೇಕು. ಸ್ಪ್ಯಾನರ್ ಕೈಗೆತ್ತಿಕೊಂಡವರಿಗೆ ಕಾಕಾ ಮಂಗಳಾರತಿ ಮಾಡುತ್ತಿದ್ದರು. ಹೋಗದಿರುವುದನ್ನೂ ಕೂತು ಪರೀಕ್ಷಿಸಬೇಕು ಅನ್ನುವುದು ನನಗೆ ಬಲು ಸೋಜಿಗವಾಗಿತ್ತು.

ಐದನೆಯ ತಿಂಗಳು. ಹತ್ತಿರದ ಪಿಂಪಳಗಾಂವ್ ಬಸವಂತ್‌ನಲ್ಲಿ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವ ಯಂತ್ರ ಮಾಡುವವರಿಗೆ ನಟ್ಟು ಹೋಗಬೇಕಿತ್ತು. ಇಂಚಿಗೆ ಹದಿಮೂರು ಆಟೆಯವು. ಪ್ಲಗ್ ಗೇಜು ತಪಾಸಣೆಗೆಂದು ಹೊರಗೆ ಹೋಗಿತ್ತು, ಕಾಕಾ ಅರ್ಧ ದಿನ ರಜೆ ಹಾಕಿ ಹೋಗಿದ್ದರು, ಟೆಂಪೊ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿತ್ತು. ನಾನು ಕಪಾಟಿನಿಂದ ಒಂದು ಬೋಲ್ಟು ತೆಗೆದು ಅದಕ್ಕೇ ನಟ್ಟುಗಳನ್ನು ಹಾಕಿ ನೋಡಿದೆ. ಬೆಣ್ಣೆಯಲ್ಲಿ ಬೆರಳಾಡಿದಂತೆ ಕೂತವು! ಪಾಸು ಮಾಡಿದ ಗುರುತು ಹಾಕುವ ಬಣ್ಣದ ಪೆನ್ನು ಒಣಗಿತ್ತು, ನನ್ನ ಚೀಲದ ನೈಲ್ ಪಾಲಿಶಿನಿಂದಲೇ ಚುಕ್ಕಿ ಇಟ್ಟೆ. ಮರುದಿನ ಬೆಳಿಗ್ಗೆ ಬಂದ ಕಾಕಾ ಮಾಲು ಪಾಸಾದ ಕಾಗದದ ಮೇಲೆ ನನ್ನನ್ನು ನಂಬಿ ಸಹಿ ಹಾಕಿದರು.

ಕಪಾಟಿನ ಆ ಬೋಲ್ಟು ಹನ್ನೆರಡು ಆಟೆಯದು. ಸಪ್ಲೈಯರ್ ತಪ್ಪಿ ಕಳಿಸಿದ್ದ ನಟ್ಟುಗಳೂ ಹನ್ನೆರಡರವೇ. ತಪ್ಪಿಗೆ ತಪ್ಪು ಸರಿಯಾಗಿ ಜೋಡಿಯಾಗಿತ್ತು, ನಾನು ಖುಷಿಪಟ್ಟಿದ್ದೆ.

ಮೂರನೆಯ ದಿನ ಫೋನು ಬಂತು. ಅವರ ಹದಿಮೂರರ ಬೋಲ್ಟಿಗೆ ನಮ್ಮ ನಟ್ಟು ಮೂರು ಸುತ್ತಿಗೆ ನಿಲ್ಲುತ್ತಿದೆಯಂತೆ. ಮಾಲೀಕರು ನಮ್ಮಿಬ್ಬರನ್ನೂ ಕ್ಯಾಬಿನ್ನಿಗೆ ಕರೆಸಿ "ಯಾರು ನೋಡಿದ್ದು?" ಎಂದು ಗುಡುಗಿದರು.

"ನಾನ ನೋಡೀನ್ರಿ ಸಾಹೇಬ್ರ," ಅಂದರು ಕಾಕಾ. "ಕಣ್ಣು ತಪ್ಪೇದ. ಸಹಿನೂ ನಂದ ಅದ."

ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಹೇಳಿಕೊಳ್ಳಲು ನಾಚಿಕೆ, ಆದರೆ ಆ ಹೊತ್ತಿನಲ್ಲಿ ನನಗೆ ಹೊಳೆದದ್ದು ನೌಕರಿ ಉಳಿಯಿತು ಅನ್ನುವುದೊಂದೇ.

ಭಾನುವಾರ ಇಬ್ಬರೂ ಬಸ್ಸು ಹತ್ತಿ ಪಿಂಪಳಗಾಂವ್‌ಗೆ ಹೋದೆವು. ಹೊರಗೆ ಈರುಳ್ಳಿ ಟ್ರ್ಯಾಕ್ಟರುಗಳ ಸಾಲು, ಒಳಗೆ ಶೆಡ್ಡಿನ ನೆಲದಲ್ಲಿ ಕೂತು ಒಂದೊಂದೇ ನಟ್ಟು ಆರಿಸಿದೆವು. ಪುಣ್ಯಕ್ಕೆ ಯಾವ ಯಂತ್ರವೂ ತೋಟಕ್ಕೆ ಹೋಗಿರಲಿಲ್ಲ. ಯಾರೋ ಸ್ಪ್ಯಾನರ್ ಹಾಕಿ ಒತ್ತಾಯದಿಂದ ತಿರುಗಿಸಿದ್ದ ಒಂದು ಜೋಡಿ ಮಾತ್ರ ಬಿಡಿಸಲಾಗಲಿಲ್ಲ. ಕಾಕಾ ಅದನ್ನು ಜೇಬಿಗೆ ಹಾಕಿಕೊಂಡರು. ಬಸ್ಸಿನಲ್ಲಿ ನಾನು ಅತ್ತಾಗ, "ಅಳಬ್ಯಾಡ. ನಿನಗ ಪಾಠ ಆಯ್ತಿಲ್ಲ? ನಾಳಿಗಿ ಆ ಕಪಾಟ ಖಾಲಿ ಮಾಡಮು," ಅಂದರಷ್ಟೆ.

ನನ್ನ ನೌಕರಿ ಪಕ್ಕಾ ಆಯಿತು. ಆ ವರ್ಷ ಕಾಕಾಗೆ ಬರಬೇಕಿದ್ದ ಮುಖ್ಯ ಇನ್ಸ್‌ಪೆಕ್ಟರ್ ಹುದ್ದೆ ಇನ್ನೊಬ್ಬರಿಗೆ ಹೋಯಿತು. ಯಾಕೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ… ಎಲ್ಲದಕ್ಕೂ ಪ್ರಶ್ನೆ ಕೇಳುತ್ತಿದ್ದವಳು ಅದೊಂದನ್ನು ಕೇಳಲಿಲ್ಲ. ಆಮೇಲೆ ಮದುವೆ, ಗಂಡನ ಊರು ಈ ಸಂಭಾಜಿನಗರ. ಪ್ರತಿ ದೀಪಾವಳಿಗೂ ನಾಶಿಕಕ್ಕೆ ಹೋಗಿ ಕಾಕಾನ್ನ ನೋಡಿ ಬರೋಣ ಅಂದುಕೊಳ್ಳುತ್ತಿದ್ದೆ.

"ಕಾಕಾ ಹೇಗಿದ್ದಾರೆ?" ಎಂದೆ ಹುಡುಗಿಗೆ.

ಹೋದ ಶ್ರಾವಣದಲ್ಲಿ ತೀರಿಕೊಂಡರಂತೆ. ರಿಟೈರ್ ಆದ ದಿನ ಇದನ್ನು ಅವಳ ಕೈಗೆ ಕೊಟ್ಟಿದ್ದರಂತೆ. ಹೊಸಬರು ಯಾರೇ ಬರಲಿ, ಮೊದಲ ದಿನವೇ ಜೇಬಿನಿಂದ ಇದನ್ನು ತೆಗೆದು, ಗೇಜಿಲ್ಲದೆ ಮಾಲು ಪಾಸು ಮಾಡಿದರೆ ಏನಾಗುತ್ತದೆ ಎಂದು ತೋರಿಸುತ್ತಿದ್ದರಂತೆ.

"ಇದು ಅವರೇ ಮಾಡಿದ ತಪ್ಪಂತೆ, ಮೇಡಮ್."

ಇಷ್ಟು ವರ್ಷ, ಅಷ್ಟು ಜನರ ಮುಂದೆ! ನಾನು ನೂರು ಮೈಲಿ ದೂರ ಬಂದು ಹಾಯಾಗಿದ್ದಾಗಲೂ ಅವರು ನನ್ನ ತಪ್ಪನ್ನು ತಮ್ಮದೆಂದೇ ಹೇಳುತ್ತಿದ್ದರು. ಬೆರಳಿನಿಂದ ನಟ್ಟು ತಿರುಗಿಸಿ ನೋಡಿದೆ, ಕದಲಲಿಲ್ಲ. ಚುಕ್ಕಿ ಮಾತ್ರ ಹಾಗೇ ಇತ್ತು.

"ಇದು ಇನ್ಸ್‌ಪೆಕ್ಷನ್ನಿನ ಬಣ್ಣ ಅಲ್ಲ, ನೈಲ್ ಪಾಲಿಶ್," ಎಂದೆ. "ನಂದು."

ಹುಡುಗಿ ನನ್ನ ಉಗುರನ್ನೊಮ್ಮೆ, ನಟ್ಟನ್ನೊಮ್ಮೆ ನೋಡಿದಳು. ಕೂತುಕೋ ಅಂದೆ. ಅಂದು ಮಾಲೀಕರ ಕ್ಯಾಬಿನ್ನಿನಲ್ಲಿ ಹೇಳಬೇಕಿದ್ದದ್ದನ್ನೆಲ್ಲ ಅವಳಿಗೆ ಹೇಳಿದೆ. ಕೇಳಬೇಕಾಗಿದ್ದ ಕಾಕಾ ಮಾತ್ರ ಇರಲಿಲ್ಲ.