ಹುರಳಿ ಒಕ್ಕಿದ ಕಾರು

ನಮ್ಮ ಕಡೆ ಸುಗ್ಗಿಯಲ್ಲಿ ಕಣ ಮಾಡುವ ತಾಪತ್ರಯವನ್ನು ರೈತರು ಬಿಟ್ಟು ಎಷ್ಟೋ ಕಾಲವಾಯಿತು. ಹುರಳಿ ಕಿತ್ತು ತಂದು ಡಾಂಬರು ರಸ್ತೆಗೇ ಹರವುತ್ತಾರೆ. ಬರುವ ಹೋಗುವ ಬಸ್ಸು, ಲಾರಿಗಳು ತುಳಿದು ಕಾಳು ಬಿಡಿಸಿಕೊಡುತ್ತವೆ. ಯಾರೂ ಪಕ್ಕಕ್ಕೆ ಸರಿದು ಪಾರಾಗಬಾರದೆಂದು ಅಂಚಿಗೆ ಕಲ್ಲು ಬೇರೆ ಇಡುತ್ತಾರೆ.

ಮಸ್ಕಿಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿರುವ ನಾನು ಅಂದು ಹೆಂಡತಿಯೊಡನೆ ಕಾರಿನಲ್ಲಿ ಸಂತೆಕಲ್ಲೂರಿನ ಬೀಗರ ಮನೆಗೆ ಹೊರಟಿದ್ದೆ. ದಾರಿಯಲ್ಲಿ ಹರವಿದ್ದ ಹುರಳಿಯ ಮೇಲೆ ಹೋಗಲು ಮನಸ್ಸಿರಲಿಲ್ಲ. ರುಮಾಲಿನ ಮುದುಕನೊಬ್ಬ ರಸ್ತೆಗೆ ಬಂದು, "ಬರ್ರಿ ಸಾವ್ಕಾರ್ರ, ಹಿಂಗ ನಡುವ ಬರ್ರಿ," ಎಂದು ಕೈಮಾಡಿ ಕರೆದ. ಹೋದೆ. ಬಳ್ಳಿ ಚಕ್ರಕ್ಕೆ ಸುತ್ತಿಕೊಂಡು, ಸೈಲೆನ್ಸರಿಗೆ ತಾಗಿ ಹೊಗೆಯೆದ್ದಿತು. ನಾವಿಬ್ಬರೂ ಇಳಿದು ಓಡಿದೆವು. ಕಾರೂ ಸುಟ್ಟಿತು, ಹುರಳಿಯೂ ಸುಟ್ಟಿತು. ದಿನಾ ಒರೆಸಿ, ಮಳೆಗಾಲದಲ್ಲಿ ತಾಡಪತ್ರಿ ಹೊದಿಸಿ ಸಾಕಿದ ಕಾರು. ನಾನು ರಸ್ತೆಯಲ್ಲೇ ನಿಂತು ಅತ್ತುಬಿಟ್ಟೆ.

ಇನ್ಸೂರೆನ್ಸ್ ಇದೆಯಲ್ಲ ಎಂಬುದೊಂದೇ ಧೈರ್ಯ. ಏಜೆಂಟ್ ಅಂಗಡಿಗೆ ಬಂದು, ಚಹಾ ಕುಡಿದು ಮುಗಿಸಿ ಹೇಳಿದ:

"ನಿಮ್ದು ಬರೇ ಥರ್ಡ್ ಪಾರ್ಟಿ ಐತ್ರಿ. ನಿಮ್ಮ ಗಾಡಿಯಿಂದ ಮಂದಿಗೆ ಲುಕ್ಸಾನಾದ್ರ ಕಂಪನಿ ಕೊಡ್ತೈತಿ. ನಿಮ್ಮ ಗಾಡಿಗೆ ಏನೂ ಬರಂಗಿಲ್ಲ."

"ಸುಟ್ಟದ್ದು ನನ್ನ ಗಾಡಿ ಅಲ್ಲೇನು?"

"ಹೌದ್ರಿ, ಅದಕ್ಕ ಬರಂಗಿಲ್ಲ. ಹುಳ್ಳಿ ಮಂದೀದು. ತಪ್ಪು ನಿಮ್ದು ಅಂತ ಸಾಬೀತಾದ್ರ ಹುಳ್ಳಿಗೆ ಬರ್ತೈತಿ."

ಇಷ್ಟು ವರ್ಷ ಆ ಕಾಗದ ಪೊಲೀಸರಿಗೆ ತೋರಿಸಲಿಕ್ಕಷ್ಟೇ ಎಂದುಕೊಂಡಿದ್ದೆ. ಹುರಳಿಗೂ ಆಗುತ್ತದೆಂದು ಗೊತ್ತಿರಲಿಲ್ಲ. ಮನೆಗೆ ಹೋಗಿ ಹೇಳಿದರೆ ಹೆಂಡತಿ ನಕ್ಕಳು. "ಪುಣ್ಯಾತ್ಮರದೀರಿ ಬಿಡ್ರಿ. ವರ್ಷಾ ವರ್ಷಾ ಮಂದಿ ಸಲುವಾಗಿ ರೊಕ್ಕ ಕಟ್ಟಾಕತ್ತೀರಿ," ಎಂದಳು.

ಸುದ್ದಿ ಹೇಗೆ ತಲುಪಿತೋ, ವಾರದೊಳಗೆ ಮುದುಕ ಅಂಗಡಿಗೆ ಬಂದು ಗಾದಿಯ ಅಂಚಿಗೆ ಕುಳಿತ.

"ಸಾವ್ಕಾರ್ರ, ತಪ್ಪು ನಿಮ್ದ ಅಂತ ಕಂಪನಿಯವ್ರ ಮುಂದ ಒಂದ್ ಮಾತು ಹೇಳ್ರಿ."

ನನಗೆ ಮೈಯೆಲ್ಲ ಉರಿಯಿತು. ಉಂಡೂ ಹೋದ, ಕೊಂಡೂ ಹೋದ ಅನ್ನುವುದು ಇದಕ್ಕೇ.

"ರಸ್ತ್ಯಾಗ ಹಾಸ್ದಾಂವ ನೀ, ಕಲ್ಲಿಟ್ಟಾಂವ ನೀ, ಕೈಮಾಡಿ ಕರದಾಂವ ನೀ. ತಪ್ಪು ನಂದೇನು?"

ಅವನು ವಾದಿಸಲಿಲ್ಲ. ಈ ಸಲ ಹೊಲಕ್ಕೆ ಹಾಕಿದ್ದು ಅದೊಂದೇ ಬೆಳೆ, ಮನೆಗೊಂದು ಕಾಳೂ ಬರಲಿಲ್ಲ ಎಂದ. ರುಮಾಲು ಬಿಚ್ಚಿ ಮುಖ ಒರೆಸಿಕೊಂಡ.

"ತಪ್ಪು ನಂದ ಐತ್ರಿ, ಯಾರ್ ಇಲ್ಲಂದ್ರು?" ಎಂದ. "ಆದ್ರ ನನ್ನ ತಪ್ಪಿಗೆ ಇನ್ಸೂರೆನ್ಸ್ ಇಲ್ಲಲ್ರಿ ಸಾವ್ಕಾರ್ರ. ನಿಮ್ಮ ತಪ್ಪಿಗೆ ಐತಿ."