ಉಷಾರಾಣಿಯ ಕರೆಂಟಿನ ಸೊಪ್ಪು

ಚಿತ್ರದುರ್ಗದಲ್ಲಿ ಬಿಸಿಲನ್ನು ಯಾರೂ ಕಾಸು ಕೊಟ್ಟು ತರುವುದಿಲ್ಲ. ಬೇಡವೆಂದರೂ ಬಂದು ಜಗುಲಿಯ ಮೇಲೆ ಕೂರುತ್ತದೆ. ಅಂಥ ಊರಿನ ಮಗ್ಗುಲಲ್ಲೇ ಇರುವ ನಮ್ಮ ಮದಕರಿಪುರದಲ್ಲಿ, ಪಕ್ಕದ ಮನೆಯ ಉಷಾರಾಣಿ ಕಿಟಕಿ ಮುಚ್ಚಿ ದೀಪ ಹಾಕಿ ಕೊತ್ತಂಬರಿ ಬೆಳೆಯಲು ಹೊರಟರೆ ಜನ ನಗದೆ ಇನ್ನೇನು ಮಾಡಿಯಾರು? ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅವಳ ಅತ್ತೆ ದಾಕ್ಷಾಯಣಮ್ಮ ನಗಲಿಲ್ಲ, ಬೈದರು. "ಹೊರಗೆ ಪುಗಸಟ್ಟೆ ಬಿಸ್ಲು ಬಿದ್ದೈತೆ, ನೀನು ಒಳಗೆ ಲೈಟ್ ಹಾಕ್ಕೊಂಡು ಕುಂತೀಯಲ್ಲೇ!"

"ಆ ಬಿಸ್ಲಿಗೇ ಅಲ್ವೇನ್ರಿ ಅತ್ತೆ, ಬ್ಯಾಸಿಗ್ಯಾಗೆ ಎಲ್ಲರ ಸೊಪ್ಪೂ ಒಣಗಾದು? ಆಗ ನಾವು ಹೇಳಿದ್ದೇ ರೇಟು," ಎಂದಳು ಸೊಸೆ.

ಲೆಕ್ಕ ತಪ್ಪೇನಿರಲಿಲ್ಲ. ಮದುವೆಗೆ ಮುಂಚೆ ಹಿರಿಯೂರಿನ ನರ್ಸರಿಯೊಂದರಲ್ಲಿ ಸಸಿ ಬೆಳೆಸಿದ ಕೈ ಅವಳದು. ಶೇಂಗಾ ತುಂಬುತ್ತಿದ್ದ ಹಳೆಯ ಗೋಡೌನಿನಲ್ಲಿ ಅಂತಸ್ತು ಅಂತಸ್ತಾಗಿ ಟ್ರೇ ಜೋಡಿಸಿ, ಒಂದೊಂದರ ಮೇಲೂ ಎಲ್‌ಇಡಿ ದೀಪ ಕಟ್ಟಿದಳು. ಕಳೆ ಕೀಳುವ ಕೆಲಸವಿಲ್ಲ, ನೀರು ಬೇಕಾಗುವುದೂ ಅಷ್ಟಕ್ಕಷ್ಟೆ. ಗೋಡೆಯ ಮೇಲೆ ಗಿರಗಿರ ತಿರುಗುವ ಮೀಟರ್ ಒಂದೇ ವೈರಿ.

ಗಂಡ ಬಸವೇಶ್ ಕೆಟ್ಟವನಲ್ಲ, ಆದರೆ ಗೋಡೌನನ್ನು ಬಾಡಿಗೆಗೆ ಕೇಳಿಕೊಂಡು ಈರುಳ್ಳಿ ವ್ಯಾಪಾರಿಯೊಬ್ಬ ಮನೆಗೆ ಎಡತಾಕುತ್ತಿದ್ದ. "ಈ ಬ್ಯಾಸಿಗೆ ಮುಗಿಯಾದ್ರೊಳಗೆ ಕರೆಂಟ್ ಬಿಲ್ಲನ್ನ ಸೊಪ್ಪಿನ ದುಡ್ಡಲ್ಲೇ ಕಟ್ಟಿ ತೋರ್ಸು. ಆಗ್ಲಿಲ್ಲ ಅಂದ್ರೆ ಅವ್ನಿಗೆ ಕೊಟ್‌ಬಿಡ್ತೀನಿ," ಎಂದ ಬಸವೇಶ್. ಉಷಾರಾಣಿ ಒಪ್ಪಿದಳು. ಒಪ್ಪಿದ ಮೇಲೆ ಅವಳಿಗೆ ಸರಿಯಾಗಿ ನಿದ್ದೆ ಬಂದಿದ್ದನ್ನು ನಾನು ಕಾಣೆ.

ಸೊಪ್ಪೇನೋ ಕಣ್ಣು ತಾಕುವ ಹಾಗೆ ಬಂತು. ಚಿತ್ರದುರ್ಗದ ಸಂತೆಹೊಂಡದ ಬಳಿ ಬುಟ್ಟಿ ಇಟ್ಟುಕೊಂಡು ಕೂತರೆ ಬಿಸಿಲೇರುವ ಹೊತ್ತಿಗೆ ಖಾಲಿ. ಆದರೂ ಬಿಲ್ಲು ಬಂದಾಗ ದುಡ್ಡು ಸಾಲದೆ ಬಳೆ ಅಡ ಇಟ್ಟಳು. ಬೀಜ, ನೀರು, ಆಟೋ ಬಾಡಿಗೆ ಎಲ್ಲವನ್ನೂ ಹಿಡಿದಿದ್ದ ಲೆಕ್ಕ ಎಲ್ಲಿ ಸೋರಿತೆಂದು ತಲೆ ಕೆಡಿಸಿಕೊಂಡಳು. ಸೋರಿದ್ದು ಕೊಸರಿನಲ್ಲಿ! ನಮ್ಮ ಕಡೆ ಕಟ್ಟು ಸೊಪ್ಪು ಕೊಂಡ ಮೇಲೂ ಚಾಚಿದ ಕೈ ಹಿಂದಕ್ಕೆ ಬರುವುದಿಲ್ಲ. ಮೇಲೊಂದಿಷ್ಟು ಬಿದ್ದರೇನೇ ವ್ಯಾಪಾರ ಮುಗಿದಂತೆ. ಹುಟ್ಟಿದಾಗಿನಿಂದ ಕಂಡ ಪದ್ಧತಿ, ಕೊಡುತ್ತಾ ಹೋದಳು. ಬಯಲಲ್ಲಿ ಬೆಳೆದವರ ಕೊಸರು ಬಿಸಿಲಿನದು. ಅವಳ ಕೊಸರಿನ ಎಲೆ ಎಲೆಗೂ ಮೀಟರ್ ತಿರುಗಿತ್ತು.

ಅದು ತಿಳಿದ ಮಾರನೆಯ ದಿನದಿಂದ ಕೊಸರು ಬಂದ್. "ಇಲ್ಲ ಅಕ್ಕಾ, ಇದು ಕರೆಂಟಿನ ಸೊಪ್ಪು," ಎಂದಳು ನನಗೇ. ಮೈಯೆಲ್ಲ ಉರಿಯಿತು. ಕಟ್ಟನ್ನು ಅಲ್ಲೇ ಕುಕ್ಕಿ, ಪಕ್ಕದ ಬುಟ್ಟಿಯ ಬಾಡಿದ ಸೊಪ್ಪನ್ನು ಕೊಸರಿನ ಸಮೇತ ತಂದೆ. ಎಲ್ಲರೂ ಹಾಗೇ ಮಾಡಿದರು. ಅವತ್ತು ಅವಳ ಬುಟ್ಟಿ ಹೋದ ಹಾಗೇ ವಾಪಸ್ ಬಂತು.

"ಬಾಡಿಗಿಗೆ ಕೊಟ್‌ಬಿಡ್ರಿ ಅತ್ತೆ," ಎಂದು ಜಗುಲಿಯ ಮೇಲೆ ಕೂತು ಅತ್ತಳು. "ಚಾಚಿದ ಕೈಗೆ ಇಲ್ಲ ಅನ್ನಾಕೆ ನನ್ನ ಕೈಲಾಗಲ್ಲ."

ಮಾರನೆಯ ಬೆಳಿಗ್ಗೆ ನೋಡಿದರೆ ದಾಕ್ಷಾಯಣಮ್ಮ ಬಚ್ಚಲ ಹಿಂದಿನ ಕರಿಬೇವಿನ ಮರದ ಕೆಳಗೆ ನಿಂತು ಕಡ್ಡಿ ಕಡ್ಡಿ ಮುರಿಯುತ್ತಿದ್ದರು! ಆ ಮರ ಅವರ ಪ್ರಾಣ. ಒಗ್ಗರಣೆಗೆ ಒಂದು ಎಸಳು ಕೇಳಿದ್ದಕ್ಕೆ ನನ್ನ ಜೊತೆ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರು.

ಕಣ್ಣುಬಿಟ್ಟು ನಿಂತಿದ್ದ ಸೊಸೆಯ ಬುಟ್ಟಿಗೆ ಕರಿಬೇವು ತುಂಬಿ, "ಕೊಸರಿಗೆ ಇದನ್ನ ಕೊಡು. ಇದ್ಕೆ ಮೀಟ್ರಿಲ್ಲ," ಎಂದರು.

ಬರೀ ಕೊತ್ತಂಬರಿ ಕೊಂಡವರ ಕೈಗೆ ಘಮಘಮಿಸುವ ಕರಿಬೇವು ಬಿದ್ದರೆ ಯಾರು ಬೇಡ ಎನ್ನುತ್ತಾರೆ? ಮುನಿಸು ಮರೆತು ನಾನೇ ಮೊದಲು ಕೈ ಚಾಚಿದೆ. ದಾಕ್ಷಾಯಣಮ್ಮನ ಮರ ಬೋಳಾಗುತ್ತಾ ಬಂತು, ಸೊಸೆಯ ಬುಟ್ಟಿ ದಿನಾ ಖಾಲಿಯಾಯಿತು. ಬೇಸಿಗೆಯ ಕೊನೆಯ ಬಿಲ್ಲು ಬಂದಾಗ ಉಷಾರಾಣಿ ಅದನ್ನು ಸೊಪ್ಪಿನ ದುಡ್ಡಲ್ಲೇ ಕಟ್ಟಿ, ಬಳೆ ಬಿಡಿಸಿಕೊಂಡು ಬಂದಳು.

ಅದೇ ವಾರ ಈರುಳ್ಳಿ ವ್ಯಾಪಾರಿ ಮುಂಗಡ ಹಿಡಿದು ಬಂದ. ಬಸವೇಶ್ ಬಾಯಿ ತೆರೆಯುವ ಮೊದಲೇ ದಾಕ್ಷಾಯಣಮ್ಮ ಬಾಗಿಲಿಗೆ ಅಡ್ಡ ಬಂದರು.

"ಕುಂತ್ಕಳ್ರಿ, ಕಾಫಿ ಕುಡ್ದು ಹೋಗ್ರಿ. ಗೋಡೌನ್ ಕೇಳ್ಬೇಡ್ರಿ. ಅದ್ರಾಗೆ ನಮ್ಮ ಸೊಸೆ ಹೊಲ ಐತೆ."