ಬ್ರಿಸ್ಬೇನಿನ ಪೆನಾಲ್ಟಿ

ನನಗೆ ಬಾಯಿ ಜಾಸ್ತಿ. ಮೈಸೂರಿನಲ್ಲಿ ಓದುವಾಗ ಪಕ್ಕದವಳ ಮೌಖಿಕ ಪರೀಕ್ಷೆಯಲ್ಲಿ ಉತ್ತರ ಎತ್ತಿಕೊಡಲು ತುಟಿ ಅಲ್ಲಾಡಿಸಿ ಬೈಸಿಕೊಂಡವಳು ನಾನು. ಆಸ್ಟ್ರೇಲಿಯಾದ ಅಡಿಲೇಡಿಗೆ ಬಂದು, ಮಾಡ್ಬರಿ ಬಡಾವಣೆಯ ಕ್ಲಿನಿಕ್ಕಿನಲ್ಲಿ ಹನ್ನೊಂದು ವರ್ಷ ಡಾಕ್ಟರಾಗಿದ್ದರೂ ಆ ಚಾಳಿ ಬಿಟ್ಟಿರಲಿಲ್ಲ. ಅದರಿಂದ ಒಬ್ಬರ ಜೀವವೇ ಹೋಗುತ್ತಿತ್ತು.

ಅವರು ನನ್ನ ಪೇಷಂಟು, ಸ್ಕಾಟ್ಲೆಂಡಿನವರು, ತೊಂಬತ್ತಕ್ಕೆ ಒಂದೆರಡು ವರ್ಷ ಕಡಿಮೆ. ಯುದ್ಧ ಮುಗಿದ ಮೇಲಿನ ಬಡತನದಲ್ಲಿ ಬೆಳೆದು, ಹದಿನೇಳಕ್ಕೇ ಸಂಬಳದ ಫುಟ್‌ಬಾಲ್ ಆಟಗಾರರಾದವರು. ಸ್ಟ್ರೈಕರ್, ಅಂದರೆ ಗೋಲು ಹೊಡೆಯುವುದೇ ಕೆಲಸ. ಆಗಿನ ಚರ್ಮದ ಚೆಂಡು ಮಳೆನೀರು ಕುಡಿದರೆ ಒದ್ದೆ ಕಂಬಳಿಯ ಹಾಗೆ ಭಾರವಂತೆ. ಅದನ್ನು ತಲೆಯಿಂದ ಹೊಡೆದೂ ಹೊಡೆದೂ, ಚೆಂಡಿನ ದಾರ ಕೊಯ್ದು ಹಣೆಯ ಮೇಲೆ ಉಳಿದ ಗೆರೆಯನ್ನು ನನಗೆ ಮುಟ್ಟಿಸಿ ತೋರಿಸಿದ್ದರು. ಆಮೇಲೆ ಹಡಗು ಹತ್ತಿ ಪರ್ತ್. ಅಲ್ಲಿ ವಾರವೆಲ್ಲ ಇಟ್ಟಿಗೆ ಕಾರ್ಖಾನೆ, ಭಾನುವಾರ ಆಟ. ಅಲ್ಲಿಂದ ಬ್ರಿಸ್ಬೇನ್, ಕೊನೆಗೆ ಅಡಿಲೇಡ್. ಬಿಪಿ ನೋಡಿಸಲು ಬಂದಾಗಲೆಲ್ಲ ಒಂದೊಂದು ಗೋಲಿನ ಕತೆ. ಯಾರು ಪಾಸ್ ಕೊಟ್ಟ, ಗೋಲ್‌ಕೀಪರ್ ಯಾವ ಕಡೆ ಬಿದ್ದ, ಎಲ್ಲ ಬಾಯಿಪಾಠ. ಹೊರಗೆ ಪೇಷಂಟುಗಳು ಕಾಯುತ್ತಿದ್ದರೂ ನಾನು ಕೇಳುತ್ತ ಕೂರುತ್ತಿದ್ದೆ.

ಬ್ರಿಸ್ಬೇನಿನ ಕತೆ ಮಾತ್ರ ಬೇರೆ. ಫೈನಲ್ ಪಂದ್ಯದ ಕೊನೆಯ ನಿಮಿಷದಲ್ಲಿ ಪೆನಾಲ್ಟಿ, ಅಂದರೆ ಕೀಪರ್ ಒಬ್ಬನನ್ನೇ ಎದುರಿಟ್ಟುಕೊಂಡು ಹೊಡೆಯುವ ಅವಕಾಶ, ಸಿಕ್ಕಿತು, ಇವರು ಗೋಲಿನ ಹೊರಗೆ ಹೊಡೆದರು. ನೆಲ ಜಾರುತ್ತಿತ್ತು, ಕೀಪರ್ ಮೊದಲೇ ಅಲ್ಲಾಡಿದ ಎಂದು ಜೊತೆಯವರು ಸಮಾಧಾನ ಹೇಳಲು ಬಂದರಂತೆ. ಸೋತದ್ದಕ್ಕಿಂತ ಆ ಸಮಾಧಾನಕ್ಕೇ ಇವರಿಗೆ ಮೈಯೆಲ್ಲ ಉರಿದುಹೋಯಿತಂತೆ. ಮಿಸ್ ಮಾಡಿದವನು ನಾನು, ಅದನ್ನೂ ನನ್ನಿಂದ ಕಿತ್ತುಕೊಳ್ಳುತ್ತೀರಾ ಎಂದು ಬೂಟು ಬಿಚ್ಚಿ ಗೋಡೆಗೆ ಎಸೆದರಂತೆ. ಎಂಥ ಮೂಗಿನ ತುದಿಯ ಕೋಪ ಎಂದು ನಾನು ನಕ್ಕಿದ್ದೆ.

ಡಿಸೆಂಬರಿನಲ್ಲಿ ಲೈಸೆನ್ಸಿನ ಫಾರ್ಮ್ ಹಿಡಿದು ಬಂದರು. ಈ ವಯಸ್ಸಿನಲ್ಲಿ ಕಾರು ಓಡಿಸಬಹುದೇ ಎಂದು ಡಾಕ್ಟರ್ ಬರೆದುಕೊಡಬೇಕು. ಹೆಂಡತಿಗೆ ಕಣ್ಣು ಮಂಜು, ಕಾರು ನಿಂತರೆ ಇಬ್ಬರೂ ಮನೆಯಲ್ಲೇ. ಆದರೆ ಈಚೆಗೆ ಇವರಿಗೆ ಮರೆವು ಹೆಚ್ಚಾಗಿದೆ ಎಂದು ಆಕೆಯೇ ನನಗೆ ಫೋನಿನಲ್ಲಿ ಹೇಳಿದ್ದರಿಂದ ನೆನಪಿನ ಪರೀಕ್ಷೆ ಮಾಡಲೇಬೇಕಿತ್ತು.

ಇದು ಯಾವ ತಿಂಗಳು ಎಂದು ಕೇಳಿದೆ. ಅವರು ಗೋಡೆ ನೋಡಿದರು. ನಮ್ಮ ಮನೆಗಳಲ್ಲಿ ಹಿರಿಯರಿಗೆ ಮಾತು ಸಿಗದಿದ್ದರೆ ಕಿರಿಯರು ಎತ್ತಿಕೊಡುತ್ತೇವೆ. ಅವರು ತಡಕಾಡುವುದನ್ನು ನೋಡುತ್ತ ಸುಮ್ಮನೆ ಕೂರುವುದು ಮರ್ಯಾದೆಯಲ್ಲ. ನಮ್ಮ ಮಾವನವರಿಗೆ ನೆಂಟರ ಹೆಸರು, ಮಾತ್ರೆಯ ಹೆಸರು, ಎಲ್ಲ ನಾನೇ ಹೇಳಿಕೊಟ್ಟು ರೂಢಿ. ಕ್ರಿಸ್‌ಮಸ್ ಶಾಪಿಂಗ್ ಆಯಿತೇ ಎಂದೆ. ಡಿಸೆಂಬರ್ ಎಂದರು. ಐದು ಪದ ನೆನಪಿಟ್ಟು ಹೇಳುವಾಗ ಮೂರನೆಯದು ಸಿಗದೆ ಒದ್ದಾಡಿದರು, ನನ್ನ ತುಟಿ ತಾನಾಗಿ ಅದರ ಮೊದಲಕ್ಷರ ಆಡಿತು. ಗಡಿಯಾರ ಬರೆಸಿದಾಗ ಮುಳ್ಳು ಎಲ್ಲಿರಬೇಕೆಂದು ಕಣ್ಣಿನಲ್ಲೇ ತೋರಿಸಿದೆ. ಪಾಸಾದರು. ಸಹಿ ಹಾಕಿದೆ. ತಪ್ಪು ಮಾಡಿದೆ ಎಂದು ನನ್ನಾಣೆಗೂ ಅನ್ನಿಸಲಿಲ್ಲ.

ಜನವರಿಯ ಒಂದು ಮಧ್ಯಾಹ್ನ, ಇಲ್ಲಿ ಆಗ ಕಡು ಬೇಸಿಗೆ, ಹೊರಗೆ ನಲವತ್ತೆರಡು ಡಿಗ್ರಿ, ಅವರ ಹೆಂಡತಿ ಕ್ಲಿನಿಕ್ಕಿಗೆ ಫೋನ್ ಮಾಡಿದರು. ಬ್ರೆಡ್ ತರಲು ಒಂಬತ್ತಕ್ಕೆ ಹೋದವರು ಒಂದೂವರೆಯಾದರೂ ಬಂದಿಲ್ಲ, ಮೊಬೈಲ್ ಮನೆಯಲ್ಲೇ ಇದೆ, ಪೊಲೀಸರಿಗೆ ತಿಳಿಸಿದ್ದಾಗಿದೆ. ಅವರು ಕೊನೆಯ ಮ್ಯಾಚು ಆಡಿದ್ದು ಹತ್ತಿರದ ಸ್ಯಾಲಿಸ್‌ಬರಿಯ ಮೈದಾನದಲ್ಲಿ ಎಂಬುದು ನೆನಪಿಗೆ ಬಂದದ್ದೇ, ಅಲ್ಲಿಗೇ ಹೋಗಿರಬೇಕು ಎಂದು ಪೇಷಂಟುಗಳನ್ನು ಬಿಟ್ಟು ಕಾರು ಹತ್ತಿದೆ. ದಾರಿಯಲ್ಲಿ ಗಂಡನಿಗೆ ಫೋನ್ ಮಾಡಿ, ಹೆಸರು ಹೇಳದೆ, ನಡೆದದ್ದನ್ನೆಲ್ಲ ಒದರಿದೆ.

“ನೀನು ಟೆಸ್ಟ್ ಮಾಡಿದ್ಯಾ, ಇಲ್ಲ ಅವ್ರ ಬದ್ಲು ನೀನೇ ಬರೆದ್ಬಿಟ್ಯಾ?” ಎಂದ.

ಸಿಟ್ಟು ನೆತ್ತಿಗೇರಿ ಫೋನ್ ಕತ್ತರಿಸಿದೆ. ಅವನು ಹೇಳಿದ್ದು ನಿಜವಾಗಿತ್ತು, ಅದಕ್ಕೇ.

ಆ ಮೈದಾನ ಈಗ ದೊಡ್ಡ ಅಂಗಡಿಯೊಂದರ ಕಾರ್ ಪಾರ್ಕ್. ಒಂದು ಸುತ್ತು ಹಾಕಿದೆ, ಇಲ್ಲ. ದೇವರೇ, ಎಲ್ಲೋ ಯಾರಿಗೋ ಗುದ್ದಿರಬಾರದು ಎಂದು ಬೇಡಿಕೊಳ್ಳುತ್ತ ಇನ್ನೊಂದು ಸುತ್ತು ಹಾಕಿದೆ. ದೂರದ ಮೂಲೆಯಲ್ಲಿ, ಸುಡುವ ಬಿಸಿಲಿನಲ್ಲಿ, ಅವರ ನೀಲಿ ಕಾರು. ಎಂಜಿನ್ ಆಫ್, ಗಾಜು ಪೂರ್ತಿ ಮೇಲೆ. ಒಳಗೆ ನೆಟ್ಟಗೆ ಕೂತಿದ್ದಾರೆ, ಮುಖ ಕೆಂಪು, ಒಂದು ಹನಿ ಬೆವರಿಲ್ಲ. ಗಾಜು ಬಡಿದೆ. ನನ್ನ ಗುರುತು ಹತ್ತಲಿಲ್ಲ. ಮತ್ತೆ ಬಡಿದ ಮೇಲೆ ಬಾಗಿಲು ತೆಗೆದು, ಟೀಮಿನ ಬಸ್ಸು ಯಾಕಿಷ್ಟು ತಡ ಎಂದು ವಿನಯವಾಗಿ ಕೇಳಿದರು. ಆಂಬುಲೆನ್ಸ್ ಬರುವವರೆಗೆ ಅವರ ತಲೆಗೆ ನೀರು ಸುರಿಯುತ್ತ ನನ್ನನ್ನು ನಾನೇ ಬಾಯಿಗೆ ಬಂದಂತೆ ಬೈದುಕೊಂಡೆ. ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಆಮೇಲೆ ಆಸ್ಪತ್ರೆಯವರು ಹೇಳಿದರು.

ಬದುಕಿದರು. ಫೆಬ್ರವರಿಯಲ್ಲಿ ಹೆಂಡತಿಯ ಜೊತೆ ಮತ್ತೆ ನನ್ನ ಮುಂದೆ ಕೂತರು. ಲೈಸೆನ್ಸಿಗಾಗಿ ಮತ್ತೆ ಮಾಡಬೇಕಿದ್ದ ನೆನಪಿನ ಪರೀಕ್ಷೆಯನ್ನು ಬೇರೆ ಡಾಕ್ಟರಿಗೆ ದಾಟಿಸಬಹುದಿತ್ತು, ಆದರೆ ನನ್ನ ಹತ್ತಿರವೇ ಆಗಲಿ ಎಂದವರು ಅವರು. ಹಾಗಾದರೆ ಒಂದು ಮಾತು ಎಂದು ಮೊದಲು ತಪ್ಪೊಪ್ಪಿಕೊಂಡೆ. ಹೋದ ಸಲ ಪಾಸಾದದ್ದು ನೀವಲ್ಲ, ನಾನು ಎಂದೆ. ಹೆಂಡತಿ ತಲೆ ತಗ್ಗಿಸಿದರು.

ಇದು ಯಾವ ತಿಂಗಳು ಎಂದು ಕೇಳಿದೆ.

ಅವರು ಗೋಡೆ ನೋಡಿದರು. ಅಲ್ಲಿದ್ದ ಕ್ಯಾಲೆಂಡರನ್ನು ನಾನು ಬೆಳಿಗ್ಗೆಯೇ ತೆಗೆಸಿದ್ದೆ. ಕಿಟಕಿ ನೋಡಿದರು, ಕೈ ನೋಡಿಕೊಂಡರು, ಮತ್ತೆ ಗೋಡೆ. ನಾಲಿಗೆ ಕಚ್ಚಿ ಹಿಡಿದೆ. ಅಷ್ಟು ಹೊತ್ತು ಒಬ್ಬ ಹಿರಿಯರ ಮುಂದೆ ಸುಮ್ಮನೆ ಕೂತದ್ದು ನನ್ನ ಜನ್ಮದಲ್ಲೇ ಇಲ್ಲ. ತಡೆಯಲಾರದೆ ಬಾಯಿ ತೆರೆದೇಬಿಟ್ಟೆ.

ಅವರು ಅಂಗೈ ಎತ್ತಿ ತಡೆದರು.

“ಬೇಡ, ಡಾಕ್ಟರ್. ಈ ಪೆನಾಲ್ಟಿ ನಂದು.”

ಜೂನ್ ಎಂದರು. ನನ್ನ ಪೆನ್ನು ಕಾಗದದ ಮೇಲೆ ಓಡುವುದನ್ನೇ ನೋಡುತ್ತಿದ್ದರು.

“ಹೊರಗೆ ಹೋಯ್ತಾ?”

“ಹೋಯ್ತು,” ಎಂದೆ.

ಅವರು ತಲೆಯಾಡಿಸಿ, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಮುಂದಿನ ಪ್ರಶ್ನೆ ಕೇಳಿ ಎಂದರು.